ಅವರು ಎಂತಕ್ಕೆ ಹೋದ್ರು ಅಂತ ಕೇಳಿದ್ದೆಯಲ್ಲ

ಗೆಳೆಯ ಇಕ್ಬಾಲ,

ದುಬೈಯಿಂದ ರಜೆಗೆ ಬಂದವನು ಭಟ್ಕಳ ಬಂದರಿನಲ್ಲಿ ಕೂತು ಕೇಳಿದ್ದು ನೆನಪಿದೆಯಾ? "ಇಲ್ಲಿಂದ ಬ್ರಿಟಿಷರನ್ನ ನಿಮ್ಮಜ್ಜನಂಥವರು ಓಡಿಸಿದ್ರು, ಆತು. ಗಲ್ಫಿನಿಂದ ಓಡಿಸಿದ್ದು ಯಾರು ಮಾರಾಯಾ? ಅಲ್ಲಿ ಆಳೋ ಅರಬ್ ಶೇಖ್‌ಗಳೇ ಇನ್ನಷ್ಟು ದಿನ ಇರಿ ಅಂದ್ರೂ ಹೊರಟೇಹೋದ್ರಂತೆ. ಎಂತಕ್ಕೆ?"

ಉಪ್ಪು ಮಾಡಿ ಜೈಲಿಗೆ ಹೋದ ಅಜ್ಜನನ್ನು ನೀನು ಹಗುರ ಮಾಡಿದೆ ಅನ್ನಿಸಿತು ನನಗೆ. "ಸಮಾಜಶಾಸ್ತ್ರ ಕಲಿಸೋದು ನಾನು. ಗೋಡೌನಿನಲ್ಲಿ ಪೆಟ್ಟಿಗೆ ಜೋಡಿಸುವವನಿಗೆ ಇದೆಲ್ಲ ಯಾಕೆ?" ಅಂದುಬಿಟ್ಟೆ. ನೀನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಆ ರಜೆಯಲ್ಲಿ ಮತ್ತೆ ಸಿಗಲಿಲ್ಲ. ಮುಂದಿನ ರಜೆಗೆ ಬಂದಾಗ ಕ್ಷಮೆ ಕೇಳಿದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ನೀನು ದುಬೈಯಲ್ಲಿ ತೀರಿಕೊಂಡೆ, ನಿನ್ನನ್ನು ಅಲ್ಲೇ ದಫನ್ ಮಾಡಿದರು ಅಂತ ಫೋನು ಬಂತು...

ಆ ಫೋನು ಬಂದ ವಾರ ಪುಸ್ತಕಗಳನ್ನು ಹರವಿಕೊಂಡು ಕೂತೆ. ಯುದ್ಧಗಳಲ್ಲಿ ಸುಸ್ತಾದ ಬ್ರಿಟನ್ನಿನದೇ ಜನ ದೂರದ ನಾಡುಗಳ ಹೊರೆ ಸಾಕು ಅಂದರು ಎನ್ನುತ್ತದೆ ಒಂದು. ಅವರ ಶಾಲೆಯಲ್ಲಿ ಕಲಿತವರೇ ನ್ಯಾಯದ ಮಾತನ್ನು ಅವರಿಗೇ ತಿರುಗಿಸಿ ಕೇಳಿದರು ಎನ್ನುತ್ತದೆ ಮತ್ತೊಂದು. ಒಂದು ದೇಶ ಬಿಡುಗಡೆಯಾದ ಮೇಲೆ ಇನ್ನೊಂದನ್ನು ಆಳುವುದೇ ನಾಚಿಕೆಗೇಡಾಯಿತಂತೆ. ಇವುಗಳಲ್ಲಿ ಯಾವುದು ಸರಿ? ಎಲ್ಲವೂ ಸ್ವಲ್ಪ ಸ್ವಲ್ಪವಾ? ಆಳುವವರು ನಿಂತದ್ದೇ ಊರವರ ಕೈಗಳ ಮೇಲೆ ಅಂತ ಒಂದು ಪುಟದಲ್ಲಿತ್ತು. ಅಲ್ಲಿ ಓದು ನಿಂತಿತು.

ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದು ನೆನಪಾಯಿತು. ಅಜ್ಜ ಜೈಲಿನಲ್ಲಿದ್ದಾಗ, ಕರ ಕಟ್ಟಲಿಲ್ಲ ಅಂತ ಕುಮಟೆಯ ನಮ್ಮ ಮನೆಗೆ ಜಪ್ತಿಗೆ ಬಂದರಂತೆ. ಪಟೇಲ ಆಗಲೇ ರಾಜೀನಾಮೆ ಕೊಟ್ಟಿದ್ದ. ಜಪ್ತಿ ಮಾಡಿದ ಹಂಡೆ ಹೊರಲು ಊರಲ್ಲಿ ಒಬ್ಬ ಆಳೂ ಬರಲಿಲ್ಲ, ಯಾರೂ ಗಾಡಿ ಕಟ್ಟಲಿಲ್ಲ. ಜಪ್ತಿಗೆ ಬಂದ ಸರ್ಕಾರಿ ಗುಮಾಸ್ತ ಬಿಸಿಲಲ್ಲಿ ಹಂಡೆಯ ಪಕ್ಕ ನಿಂತೇ ಇದ್ದ. "ಎಷ್ಟೊತ್ತು ನಿಲ್ತ? ಹೋದ," ಅನ್ನುತ್ತಿದ್ದಳು ಅಜ್ಜಿ. ಆ ಆಳುಗಳ ಹೆಸರನ್ನು ನಾನು ಒಮ್ಮೆಯೂ ಕೇಳಲಿಲ್ಲ ನೋಡು. ನಿನ್ನ ಪ್ರಶ್ನೆ ಅಜ್ಜನನ್ನು ಸಣ್ಣವನಾಗಿಸಲಿಲ್ಲ ಇಕ್ಬಾಲ, ಅವನ ಜೊತೆಗಿದ್ದವರನ್ನು ತೋರಿಸಿತು. ಆದರೆ ನಿನ್ನ ಗಲ್ಫಿಗೆ ಇಷ್ಟೇ ಉತ್ತರ ಸಾಕಾ?

ಮೊನ್ನೆ ಹೊನ್ನಾವರದ ಕಾಲೇಜಿನಲ್ಲಿ ಇದೇ ಪಾಠ. "ಇದು ನನ್ನ ಗೆಳೆಯನ ಪ್ರಶ್ನೆ. ಅವನಿಗೆ ಆಡಬಾರದ ಮಾತು ಆಡಿದೆ," ಅಂತ ಎಲ್ಲರೆದುರು ಹೇಳಿದೆ, ನಿನ್ನ ಹೆಸರನ್ನೂ ಹೇಳಿದೆ. ನಿನಗೆ ಗೊತ್ತಿಲ್ಲ, ನಿನ್ನ ಮಗಳು ನಾಜಿಯಾ ಈ ವರ್ಷ ನನ್ನ ವಿದ್ಯಾರ್ಥಿನಿ. ಮೂರನೇ ಬೆಂಚಿನಿಂದ ಎದ್ದು ನಿಂತಳು. "ಸರ್, ಬಾವುಟ ಇಳಿಸಿದ್ರು ಸರಿ. ನಮ್ಮ ಅಬ್ಬಾ ದುಬೈಯಲ್ಲಿ ಕೆಲಸ ಮಾಡ್ತಿದ್ದ ಕಂಪನಿ ಬ್ರಿಟಿಷರದ್ದೇ ಅಲ್ವಾ? ಹಂಗಾರೆ ನಿಜಕ್ಕೂ ಹೋದ್ರಾ?"

"ನಂಗೊತ್ತಿಲ್ಲ ಮಗಾ," ಅಂದೆ. ನಾಳೆಯಿಂದ ಇಬ್ಬರೂ ಕೂತು ಓದುತ್ತೇವೆ.