ಕುದಿಸಿದ ಹಾಲು, ಜೀವವಿರುವ ಪುಡಿ

ಮಾರ್ಚ್ ೧೭, ಭಾನುವಾರ ಬೆಳಿಗ್ಗೆ

ಪ್ರೀತಿಯ ತಂಗಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಣ್ಣನ ಕೈ ಬಿದ್ದುಹೋಗಿದೆಯೇ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಇಲ್ಲಿ ನಾನು, ನಿನ್ನ ಅತ್ತಿಗೆ, ನಿನ್ನ ಮಗಳು ಮೂವರೂ ಚೆನ್ನಾಗಿದ್ದೇವೆ. ಲಾಂಡ್ರಿಯಲ್ಲಿ ಹೋಟೆಲಿನವರ ಚಾದರಗಳ ರಾಶಿ ಬಿದ್ದಿತ್ತು ಎಂದು ನೆಪ ಹೇಳಬಹುದಿತ್ತು. ನಿಜವೆಂದರೆ, "ಬದುಕಿರುವ ಕ್ರಿಮಿಗಳನ್ನು ನನ್ನ ಮಗುವಿಗೆ ಕುಡಿಸುತ್ತಿದ್ದೀರಾ? ತಿಂಗಳ ಕೊನೆಗೆ ಬಂದು ಕರೆದುಕೊಂಡು ಹೋಗುತ್ತೇನೆ" ಎಂದು ನೀನು ಬರೆದೆಯಲ್ಲ, ಅದಕ್ಕೆ ಏನು ಉತ್ತರ ಕೊಡಲಿ ಎಂದು ತೋಚದೆ ಕೂತಿದ್ದೆ. ಅವಳನ್ನು ಈಗಲೇ ಕರೆದುಕೊಂಡು ಹೋಗಬೇಡ ಎಂದು ಕೇಳಿಕೊಳ್ಳಲಿಕ್ಕೇ ಈ ಕಾಗದ.

ರಕ್ತದ ಕ್ಯಾನ್ಸರ್ ಅವಳನ್ನು ಚಿಕ್ಕಂದಿನಲ್ಲೇ ಬಿಟ್ಟುಹೋಯಿತು. ಆದರೆ ಹೊಟ್ಟೆಯ ಉಬ್ಬರ, ನೋವು, ಸುಸ್ತು ಹದಿನಾರು ತುಂಬಿದರೂ ಬಿಡಲಿಲ್ಲ. ಅದಕ್ಕೇ ತಾನೇ ಇಲ್ಲಿನ ಆಸ್ಪತ್ರೆಗೆ ತೋರಿಸೋಣವೆಂದು ನೀನು ಅವಳನ್ನು ನಮ್ಮಲ್ಲಿ ಬಿಟ್ಟದ್ದು? ಡಾಕ್ಟರಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಆಗ ಕೊಟ್ಟ ಔಷಧಿ ಕ್ಯಾನ್ಸರ್ ಜೊತೆಗೆ ಕರುಳಲ್ಲಿದ್ದ ಒಳ್ಳೇ ಸೂಕ್ಷ್ಮಾಣುಗಳನ್ನೂ ಓಡಿಸಿಬಿಟ್ಟಿರುತ್ತೆ ಯಜಮಾನ್ರೇ. ಅವು ಪೂರ್ತಿ ವಾಪಸ್ ಬಂದ ಹಾಗಿಲ್ಲ. ದಿನಾ ವ್ಯಾಯಾಮ ಮಾಡಲಿ, ಜೊತೆಗೆ ಅಂಥ ಸೂಕ್ಷ್ಮಾಣುಗಳಿರೋ ಈ ಪುಡಿ ತಗೊಳ್ಳಲಿ. ಎರಡೂ ಸೇರಿದ್ರೆ ಅನುಕೂಲ ಆಗುತ್ತಾ ಅಂತ ನಾವೂ ನೋಡ್ತಿದ್ದೀವಿ, ಆಗೇ ಆಗುತ್ತೆ ಅಂತ ಮಾತು ಕೊಡಲ್ಲ. ಇವಳ ರಕ್ತ ಎಲ್ಲಾ ಪರೀಕ್ಷೆ ಮಾಡಿಯೇ ಕೊಡ್ತಿರೋದು. ನೀವಾಗಿ ಅಂಗಡಿಯಿಂದ ಏನೂ ತಂದು ಕೊಡಬೇಡಿ."

ಆ ಮಧ್ಯಾಹ್ನ ಇಸ್ತ್ರಿ ಮೇಜಿಗೆ ಒರಗಿದವನಿಗೆ ಜೊಂಪು ಹತ್ತಿತು. ಒಂದು ಊರು ಕಂಡಿತು. ಬಾಗಿಲುಗಳೆಲ್ಲ ತೆರೆದೇ ಇವೆ, ಒಳಗೆ ಯಾರೂ ಇಲ್ಲ. ಆಮೇಲೆ ಎಲ್ಲಿಂದಲೋ ಬೆರಳುದ್ದದ ಜನ ತಲೆಯ ಮೇಲೆ ಗಂಟು ಹೊತ್ತುಕೊಂಡು ಒಬ್ಬೊಬ್ಬರಾಗಿ ಬಂದರು. ಒಬ್ಬಳು ಕಿಟಕಿ ತೆಗೆದಳು, ಒಬ್ಬ ಅಂಗಳ ಗುಡಿಸಿದ, ಯಾರದೋ ಮನೆಯ ಮೇಲೆ ಸಣ್ಣಗೆ ಹೊಗೆ ಎದ್ದಿತು. ಎಚ್ಚರವಾದಾಗ ಕೋಣೆಯ ತುಂಬ ಬಟ್ಟೆಯ ಹಬೆ. ಇದನ್ನು ಹೇಳಿದರೆ ನಿನ್ನ ಅತ್ತಿಗೆ, "ಊಟ ಜಾಸ್ತಿ ಆಗಿರ್ಬೇಕು" ಎಂದಳು.

ಇನ್ನು ನಗುವ ಸುದ್ದಿ ಕೇಳು. ಈ ಮಗುವಿನ ಬಾಯಿಗೆ ಕುದಿಸದ್ದು ಏನೂ ಹೋಗಕೂಡದು ಎಂಬ ಕಟ್ಟುನಿಟ್ಟು ನಿನಗೂ ನಮ್ಮಿಬ್ಬರಿಗೂ ಅಂಟಿದ್ದು ಆ ಔಷಧಿಯ ದಿನಗಳಲ್ಲಲ್ಲವೇ? ನೀರು, ಲೋಟ, ಚಮಚ ಎಲ್ಲವನ್ನೂ ನಿನ್ನ ಅತ್ತಿಗೆ ಇವತ್ತಿಗೂ ಕುದಿಸುತ್ತಾಳೆ. ನಾನು ಅವಳಿಗಿಂತ ಒಂದು ಕೈ ಹೆಚ್ಚು. ಆ ಪುಡಿಯನ್ನು ದಿನವೂ ಒಲೆಯಿಂದ ಇಳಿಸಿದ ಹಾಲಿಗೆ ಹಾಕಿ, ಚೆನ್ನಾಗಿ ಕಲಸಿ, ಹೆಮ್ಮೆಯಿಂದ ಕುಡಿಸಿದೆ. ಮೊದಲ ತಿಂಗಳ ತಪಾಸಣೆಗೆ ಹೋದಾಗ ಅಲ್ಲಿನ ಆಹಾರ ನೋಡಿಕೊಳ್ಳುವ ಹುಡುಗಿ, "ಪುಡಿ ಹೇಗೆ ತಗೋತೀಯಮ್ಮ?" ಎಂದಳು.

"ಮಾಮ ಕುದಿಯೋ ಹಾಲಲ್ಲಿ ಹಾಕಿ ಕೊಡ್ತಾರೆ."

ಅವಳು ಪೆನ್ನು ಕೆಳಗಿಟ್ಟಳು. "ಅಯ್ಯೋ! ಅವು ಜೀವ ಇರೋವು ಸಾರ್. ಅಷ್ಟನ್ನೂ ಬೇಯಿಸಿಬಿಟ್ರಾ?"

ನನ್ನ ಮುಖ ನೋಡಬೇಕಿತ್ತು ನೀನು. ದಾರಿಯುದ್ದಕ್ಕೂ ನಿನ್ನ ಮಗಳದು ಒಂದೇ ಹಾಡು. "ಇಸ್ತ್ರಿ ಮಾಮ, ಕನಸಲ್ಲಿ ಊರು ಕಟ್ಟಿದ್ರಿ, ಎದ್ದು ಊರನ್ನೇ ಬೇಯಿಸಿದ್ರಿ!"

"ಬಾಯಿ ಮುಚ್ಚೇ ಕಡ್ಡಿ, ಜನ ನೋಡ್ತಾರೆ" ಎಂದರೆ ಇನ್ನೂ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ಮನೆ ಹತ್ತಿರದ ಏರನ್ನು ನಿಲ್ಲದೆ ಹತ್ತಿಬಿಟ್ಟಳು. ಬಂದ ಹೊಸತರಲ್ಲಿ ಅದೇ ಏರಿನ ನಡುವೆ ಹೊಟ್ಟೆ ಹಿಡಿದು ಕೂತವಳು. ನಾನು ಹಿಂದೆ ಏದುಸಿರು ಬಿಡುತ್ತಿದ್ದೆ, ಕೂಗಿ ಹೇಳಲೂ ಉಸಿರಿರಲಿಲ್ಲ.

ಅಲ್ಲಿಗೆ ಅದು ಪುಡಿಯ ಗುಣವಲ್ಲ, ಅದು ಬೆಂದೇ ಹೋಗಿತ್ತಲ್ಲ. ನಡಿಗೆಯದೇ ಇರಬೇಕು. ಬೆಳಿಗ್ಗೆ ಕೆರೆಯ ದಂಡೆಯ ಮೇಲೆ ಇಬ್ಬರೂ ನಡೆಯುತ್ತೇವೆ. ಮಂಜಿನಲ್ಲಿ ಆಚೆ ದಡ ಕಾಣುವುದಿಲ್ಲ, ನೀರೆಲ್ಲಿ ಮುಗಿದು ಆಕಾಶವೆಲ್ಲಿ ಶುರುವೋ ತಿಳಿಯುವುದಿಲ್ಲ. ಬಂದಮೇಲೆ ಹಿತ್ತಲಲ್ಲಿ ಒಣಹಾಕಿದ ಬಿಳಿ ಚಾದರಗಳ ನಡುವೆ ಬಸ್ಕಿ ಹೊಡೆಯುತ್ತಾಳೆ. ನೆರಳು ಮಾತ್ರ ಏಳುತ್ತದೆ, ಕೂರುತ್ತದೆ. ಇಸ್ತ್ರಿ ಬಿಟ್ಟು ಅದನ್ನೇ ನೋಡುತ್ತಾ ನಿಂತು ಹೋಟೆಲಿನವರ ಒಂದು ದಿಂಬಿನ ಚೀಲ ಸುಟ್ಟೆ.

ಈಗ ಪುಡಿಯನ್ನು ಆರಿದ ಹಾಲಿಗೇ ಹಾಕುತ್ತೇವೆ. ಮೊದಲ ದಿನ ನಿನ್ನ ಅತ್ತಿಗೆ ಲೋಟ ಹಿಡಿದುಕೊಂಡು ಕೊಡಲೇ ಇಲ್ಲ. "ಕೊಡಿ ಅತ್ತೆ, ನಾನೇನು ಗಾಜಿನ ಗೊಂಬೆನಾ?" ಎಂದು ಕಡ್ಡಿಯೇ ಕಿತ್ತುಕೊಂಡು ಕುಡಿದಳು. ಏನೂ ಆಗಲಿಲ್ಲ. ನೋವು ಪೂರ್ತಿ ಹೋಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ಮೊನ್ನೆಯೂ ಒಂದು ಸಂಜೆ ಮುದುಡಿಕೊಂಡು ಮಲಗಿದ್ದಳು. ಆದರೆ ಮಾರನೆಯ ಬೆಳಿಗ್ಗೆ ನನಗಿಂತ ಮೊದಲೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, "ಮಾಮ, ಕೆರೆ ಕಾಯ್ತಿದೆ" ಎಂದಳು.

ಆದ್ದರಿಂದ ತಿಂಗಳ ಕೊನೆಗೆ ಖಂಡಿತ ಬಾ. ಅವಳನ್ನು ಕರೆದುಕೊಂಡು ಹೋಗಲಿಕ್ಕಲ್ಲ, ನಾಲ್ಕು ದಿನ ಇರಲಿಕ್ಕೆ. ಮಂಜಿನಲ್ಲಿ ಅವಳ ಹಿಂದೆ ನಡೆದು ನೋಡು. ಆಮೇಲೂ ಬೇಡವೆನಿಸಿದರೆ ನಾನು ಎದುರಾಡುವುದಿಲ್ಲ, ಅವಳ ಪೆಟ್ಟಿಗೆಯನ್ನು ನಾನೇ ಸ್ಟೇಷನ್ನಿಗೆ ಹೊತ್ತು ತರುತ್ತೇನೆ.

ನಿನ್ನ ಮನಸ್ಸು ಹಗುರಾಗಲಿ, ಕಣ್ತುಂಬ ನಿದ್ದೆ ಬರಲಿ ಎಂದು ಹರಸುವ,

ನಿನ್ನ ಅಣ್ಣ

ಮ.ಬ.: ಇದನ್ನು ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ನಿನ್ನೆ ಕೆರೆಯ ದಂಡೆಯಲ್ಲಿ ಒಬ್ಬ ತಾಯಿ ಮಗುವಿನ ಕೆನ್ನೆಗೆ ಮುತ್ತಿಡುತ್ತಿದ್ದಳು. ನಮ್ಮ ಕಡ್ಡಿ ನೋಡುತ್ತಾ ನಿಂತಳು. "ನನಗೆ ಹುಷಾರಿಲ್ಲದಾಗ ಮುತ್ತಿಡಬೇಡಿ ಅಂತ ನರ್ಸಮ್ಮ ಅಮ್ಮನಿಗೆ ಹೇಳಿದ್ರು ಮಾಮ, ಸೋಂಕಾಗುತ್ತೆ ಅಂತ. ಆಮೇಲೆ ಇಡಬಹುದು ಅಂತ ಯಾರೂ ಹೇಳಲಿಲ್ಲ ಅನ್ಸುತ್ತೆ" ಎಂದಳು. ದೂರಿನ ದನಿಯಲ್ಲ, ಸುಮ್ಮನೆ ಹೇಳಿದಳು. ನಾನು ಅವಳನ್ನು ಮನೆಗೆ ಬಿಟ್ಟು ನೇರ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಇಡಬಹುದಂತೆ, ತಂಗಿ. ಎಷ್ಟೋ ವರ್ಷದಿಂದ ಇಡಬಹುದಿತ್ತಂತೆ.