ಗೂಡ್ಸ್ ಡಬ್ಬಿಯ ಕೆಳಗಿನ ಅಳತೆ

ಗೆಳೆಯಾ ಮರೆಪ್ಪ,

ನೀನು ಮೊದಲ ಸಲ ನನ್ನ ಮುಂದೆ ನಿಂತಾಗ ನಿನ್ನ ಕೈಯಲ್ಲಿ ಬಣ್ಣದ ಡಬ್ಬಿ ಇತ್ತು. ಆಳಂದದ ನಮ್ಮ ಶಾಲೆಯ ಗೋಡೆಗೆ ನಕಾಶೆ ಬರೆಯಲು ಜೇವರ್ಗಿಯಿಂದ ಕರೆಸಿದ್ದರು ನಿನ್ನ. ಟೀಚರ್ಸ್ ರೂಮಿಗೆ ನೀರು ಕುಡಿಯಲು ಬಂದ ನೀನು ನನ್ನ ಮೇಜಿನ ಮೇಲಿದ್ದ ರಟ್ಟಿನ ಗೂಡ್ಸ್ ರೈಲಿನ ಡಬ್ಬಿ ನೋಡಿದೆ. ಲಗ್ನಪತ್ರಿಕೆ ಕತ್ತರಿಸಿ ನಾನು ಮಾಡಿದ್ದು, ಒಂದು ಗೇಣು ಉದ್ದದ್ದು. ಸುತ್ತ ತಿರುಗಿಸಿ ನೋಡಿ, "ಸರ್, ಡಬ್ಬಿ ಛಲೋ ಅದ. ಅಕ್ಷರ ತಪ್ಪ್ಯಾವ್ರಿ. ಖರೇ ಡಬ್ಬಿ ಮ್ಯಾಗ ಇಷ್ಟು ದಪ್ಪ ಬರೆಯಂಗಿಲ್ಲ" ಅಂದೆ. ರೈಲೇ ಬಾರದ ಊರಿನಲ್ಲಿ ನನ್ನ ಹುಚ್ಚು ಇನ್ನೊಬ್ಬನಿಗೂ ಇದೆ ಅಂತ ಗೊತ್ತಾದಾಗ ನನಗೆಷ್ಟು ಖುಷಿಯಾಯಿತು, ನಿನಗೆ ಯಾವತ್ತಾದರೂ ಹೇಳಿದ್ದೆನಾ?

ಆಮೇಲಿನ ಭಾನುವಾರಗಳು ನೆನಪಾಗುತ್ತವೆ. ಪರದೇಶದ ರೈಲು ಮಾದರಿ ಕೊಳ್ಳುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಕೊಂಡರೂ ಅವು ನಮ್ಮ ಹಳಿಯ ಮೇಲೆ ಓಡುವ ಡಬ್ಬಿಗಳಲ್ಲ. ಅಫಜಲಪುರದ ಬೀಜದಂಗಡಿಯ ಬೋರ್ಡ್ ಕತ್ತರಿಸಿ ಉಳಿದ ಪ್ಲಾಸ್ಟಿಕ್ ಹಾಳೆ ನೀನು ತರುತ್ತಿದ್ದೆ. ಖಾಲಿ ರೀಫಿಲ್ಲು ಪೈಪಾಯಿತು, ಗುಂಡುಸೂಜಿಯ ತಲೆ ರಿವೆಟ್ ಆಯಿತು. ಗಾಲಿ ಮಾತ್ರ ಮುಂಬೈಯ ಒಬ್ಬರಿಂದ ಹಳೆಯವು ತರಿಸಿದೆವು. ಸಿಮೆಂಟಿನ ಡಬ್ಬಿ, ಕಲ್ಲಿದ್ದಲಿನ ತೆರೆದ ಡಬ್ಬಿ, ಎಣ್ಣೆಯ ಟ್ಯಾಂಕರು... ಒಂದೊಂದಕ್ಕೆ ಎರಡು ಮೂರು ತಿಂಗಳು. ಮೂರು ಕೂದಲಿನ ಕುಂಚದಿಂದ ನೀನು ನಂಬರು ಬರೆಯುವಾಗ ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಸರ್ ಅನ್ನುವುದು ಬಿಡು ಅಂತ ಎಷ್ಟು ಸಲ ಹೇಳಿದೆ! ನೀನು ಬಿಡಲಿಲ್ಲ. ಈಗ ಅನಿಸುತ್ತದೆ, ಬಿಟ್ಟಿದ್ದರೆ ನನ್ನ ಮಾತನ್ನು ಅಷ್ಟು ಸಲೀಸಾಗಿ ಕೇಳುತ್ತಿರಲಿಲ್ಲವೇನೋ.

ಆ ಕೊನೆಯ ಜಗಳ. ಸಿಮೆಂಟ್ ಡಬ್ಬಿಯ ಹೊಟ್ಟೆಯ ಕೆಳಗಿನ ಬ್ರೇಕ್ ಸಿಲಿಂಡರ್ ನಡುವೆ ಇರುವುದಿಲ್ಲ, ಒಂದು ಕಡೆಗೆ ಸರಿದಿರುತ್ತದೆ ಅಂತ ನೀನು. ನಡುವೆಯೇ ಇರುತ್ತದೆ ಅಂತ ನಾನು. "ಇರಲಿ ಬಿಡ್ರಿ ಸರ್, ಕೆಳಗಿಂದು ಯಾರು ನೋಡ್ತಾರ?" ಅಂದೆ ನೀನು. "ನಾವು ನೋಡ್ತೀವಲ್ಲ? ಕಣ್ಣಾರೆ ಕಂಡು, ಟೇಪು ಹಿಡಿದು ಅಳೆದು ಬಾ. ಅಲ್ಲೀತನಕ ನಿನ್ನ ಮಾತು ನಾ ಒಪ್ಪಂಗಿಲ್ಲ" ಅಂದೆ ನಾನು. ಲೆಕ್ಕದ ಮೇಷ್ಟ್ರ ಹಟ. ಒಂದು ಆಟಿಕೆಯ ಕೆಳಮೈಗಾಗಿ.

ಆ ಭಾನುವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಪೇಪರ್ ಓದುತ್ತಿದ್ದೆ. ಗೂಡ್ಸ್ ಯಾರ್ಡಿನಿಂದ ನೀನು ಕಳಿಸಿದ ಫೋಟೋ ನನ್ನ ಫೋನಿಗೆ ಬಂತು. ಡಬ್ಬಿಯ ಅಡಿ, ಸಿಲಿಂಡರಿಗೆ ತಾಗಿಸಿದ ಸ್ಟೀಲ್ ಟೇಪು, ನೀಲಿ ಬಣ್ಣ ಮೆತ್ತಿದ ನಿನ್ನ ಹೆಬ್ಬೆರಳು. ಕೆಳಗೆ ನೀನು ಬರೆದಿದ್ದೆ: "ಸರ್, ನಾ ಹೇಳಿದ್ದೇ ಸರಿ ಅದ. ಎಂಜಿನ್ ಇಲ್ಲ, ಡಬ್ಬಿ ಸುಮ್ನ ನಿಂತಾವ. ಆ ಕಡಿದೂ ಅಳದು ಬರ್ತೇನಿ." ಓದಿದೆ, ಮರೆಪ್ಪ. ಓದಿ ಸುಮ್ಮನಿದ್ದೆ. ಸೋತೆ ಅಂತ ಅಷ್ಟು ಬೇಗ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಚಹಾ ಕುಡಿದು ಉತ್ತರ ಬರೆದರಾಯಿತು ಅಂದುಕೊಂಡೆ. 'ಸಾಕು, ಹೊರಗೆ ಬಾ' ಅಂತ ಎರಡೇ ಮಾತು ಬರೆದಿದ್ದರೆ... ನೀನು ಆ ಕಡೆ ನುಸುಳುತ್ತಿದ್ದೆಯಾ? ಅಷ್ಟರಲ್ಲಿ ಇನ್ನೊಂದು ತುದಿಗೆ ಎಂಜಿನ್ ಬಂದು ಜೋಡಿಸಿಕೊಂಡಿತಂತೆ. ಡಬ್ಬಿಗಳು ಒಂದು ಸಲ ಜಗ್ಗಿದವು.

ನಿನ್ನ ಹುಟ್ಟೂರು ನೆಲೋಗಿಯಲ್ಲಿ ನಿನ್ನನ್ನು ಮಣ್ಣು ಮಾಡಿದ ದಿನ ಜನರ ಬಾಯಲ್ಲಿ ಒಂದೇ ಮಾತು. ತಾನಾಗಿಯೇ ಹಳಿಗೆ ಬಿದ್ದು ಸತ್ತ. ನಿನ್ನ ಫೋನು ಪುಡಿಪುಡಿಯಾಗಿತ್ತು, ಅದರಲ್ಲಿದ್ದದ್ದು ಯಾರೂ ನೋಡಲಿಲ್ಲ. ನಿನ್ನ ಹೆಂಡತಿ ಶಾಂತಾ ಬುದ್ಧನ ಪಟದ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಆ ಬೆಳಿಗ್ಗೆ ನಿನಗೂ ಅವಳಿಗೂ ಮಾತಾಗಿತ್ತಂತೆ. "ಐತಾರ ಒಂದ್ ದಿನಾರ ಮನ್ಯಾಗ ಇರು ಅಂದಿನಿ. ಕೇಳಲಿಲ್ಲ. ಹೋಗು, ಹೊಳ್ಳಿ ಬರಬ್ಯಾಡ ಅಂದ್ನಿ, ಸರ್. ನನ್ನ ಬಾಯಿಂದ ಬಂತು" ಅಂದಳು. ನಿನ್ನವ್ವ ಎಲ್ಲರ ಮುಂದೆ, "ನೀನೇ ತಿಂದಿ ಬೇ ನನ್ನ ಮಗನ್ನ" ಅಂತ ಅವಳ ಮೇಲೆ ಏರಿಹೋದಳು. ನನ್ನ ಅಂಗಿಯ ಜೇಬಿನಲ್ಲಿ ನೀನು ಕಳಿಸಿದ ಫೋಟೋ ಇದ್ದ ಫೋನು ಇತ್ತು. ನಾನು ಬಾಯಿ ತೆರೆಯಲಿಲ್ಲ. ಪೊಲೀಸರು ಕೇಳುತ್ತಾರೆ, ನೌಕರಿಗೆ ಕುತ್ತು ಬರುತ್ತದೆ, ಮೇಷ್ಟ್ರು ಆಟಿಕೆಗಾಗಿ ಮನುಷ್ಯನನ್ನು ರೈಲಿನ ಕೆಳಗೆ ಕಳಿಸಿದ ಅನ್ನುತ್ತಾರೆ... ಇವೇ ನನ್ನ ತಲೆಯಲ್ಲಿ. ಆ ಹೊತ್ತಿನಲ್ಲಿ ನಿನ್ನ ನೆನಪು ಕೂಡ ಇರಲಿಲ್ಲ ಅಂದರೆ ನಂಬುತ್ತೀಯಾ?

ಒಂದೂವರೆ ವರ್ಷ ಹಾಗೇ ಕಳೆಯಿತು. ಹೋದ ತಿಂಗಳು ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಶಾಂತಾ ಸಿಕ್ಕಳು. ಗುರುತೇ ಹತ್ತಲಿಲ್ಲ, ಅಷ್ಟು ಸೊರಗಿದ್ದಳು. ನೆಲೋಗಿಯವರು ಮನೆಯೊಳಗೆ ಬಿಡುವುದಿಲ್ಲವಂತೆ. ಶಾಲೆಯಲ್ಲಿ ಯಾರೋ ನಿನ್ನ ಮಗಳಿಗೆ, ನಿಮ್ಮವ್ವನ ಕಾಟಕ್ಕೆ ನಿಮ್ಮಪ್ಪ ಸತ್ತ ಅಂದರಂತೆ. "ಮಗಳು ಕೇಳಾಕತ್ತಾಳ, ಖರೇ ಏನವ್ವ ಅಂತ. ಏನ್ ಹೇಳ್ಲಿ ಸರ್?" ಅಂದಳು. ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ ಫೋನು ತೆಗೆದು ತೋರಿಸಿದೆ. ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ನಿನ್ನ ಹೆಬ್ಬೆರಳನ್ನೇ ನೋಡಿದಳು. ಅಳಲಿಲ್ಲ. "ಬರ್ತೇನಿ ಅಂತ ಬರದಾನ" ಅಂದಳು. ಆಮೇಲೆ, "ಇಷ್ಟು ದಿನ ನೀವು ಹ್ಯಾಂಗ ಊಟ ಮಾಡಿದ್ರಿ, ಸರ್?" ಅಂತ ಕೇಳಿದಳು. ಫೋನನ್ನು ನನ್ನ ಕೈಗೆ ವಾಪಸಿಟ್ಟಳು. "ನನಗಷ್ಟೇ ಹೇಳಿದ್ರ ಸಾಲಂಗಿಲ್ಲ. ನೆಲೋಗಿಗೆ ಬರ್ರಿ. ಮಂದಿ ಮುಂದ ಹೇಳ್ರಿ."

ಹೋದೆ. ನಿಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ನಿನ್ನವ್ವ, ನಿಮ್ಮಣ್ಣ, ಓಣಿಯ ಹತ್ತು ಹನ್ನೆರಡು ಜನ. ನಿಂತುಕೊಂಡೇ ಹೇಳಿದೆ. ಜಗಳ, ಟೇಪು, ನಾನು ಕೊಡದ ಉತ್ತರ, ಮಣ್ಣಿನ ದಿನ ಮುಚ್ಚಿಟ್ಟ ಬಾಯಿ. ಮುಗಿಯುವ ಮೊದಲೇ ನಿಮ್ಮಣ್ಣ ನನ್ನ ಕೆನ್ನೆಗೆ ಹೊಡೆದ. ಬಿಡಿಸಲು ಯಾರೂ ಬರಲಿಲ್ಲ, ಬರಬಾರದಿತ್ತು ಕೂಡ. ನಿನ್ನವ್ವ ನನ್ನ ಕಡೆ ನೋಡಲಿಲ್ಲ. ಎದ್ದು, ಅಂಗಳದ ಹೊರಗೇ ನಿಂತಿದ್ದ ಶಾಂತಾಳ ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡು ನಿಂತಳು. ನಾನು ಬಸ್ಸಿಗೆ ಹೊರಟಾಗ ಶಾಂತಾ ಹಿಂದೆ ಬಂದು, "ಹೇಳಿದ್ರಿ, ಆತು. ಇನ್ನ ನಮ್ಮನಿಗೆ ಬರಬ್ಯಾಡ್ರಿ ಸರ್" ಅಂದಳು. ನಾನು ತಲೆ ಆಡಿಸಿದೆ.

ಆ ಮಾತು ಮೀರುವುದಿಲ್ಲ, ಮರೆಪ್ಪ. ಅವರಾಗಿ ಕರೆಯದೆ ಆ ಬಾಗಿಲಿಗೆ ಹೋಗುವುದಿಲ್ಲ. ಆದರೆ ನಿನಗೆ ತಿಳಿಸಬೇಕಾದದ್ದು ಒಂದಿದೆ. ನಿನ್ನವ್ವ ಈಗ ಜೇವರ್ಗಿಯಲ್ಲಿ ಶಾಂತಾಳ ಜೊತೆಗೇ ಇದ್ದಾಳೆ. ಮೊಮ್ಮಗಳನ್ನು ದಿನಾ ಶಾಲೆಗೆ ಬಿಟ್ಟು ಬರುತ್ತಾಳಂತೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ, ಅವರು ಕೇಳಲಿ ಬಿಡಲಿ, ನಿಲ್ಲಿಸಿ ಹೇಳುತ್ತಾಳಂತೆ: "ನನ್ನ ಮಗ ಸಾಯಾಕ ಹೋಗಿದ್ದಿಲ್ರಿ. ಅಳತಿ ತಗೊಳ್ಳಾಕ ಹೋಗಿದ್ದ."