ಹೆಂಗಸರ ಪಾಳಿಯ ನಂತರದ ತರಗತಿ

ಈಜುಕೊಳದ ಮೇಲ್ವಿಚಾರಕರಿಗೆ,

ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್ ದಟ್... ಇದರ ಮುಂದಿನದನ್ನೂ ಕಾಲೇಜಿನಲ್ಲಿ ಕಲಿಸಿದ್ದರು, ಮರೆತಿದೆ. ಕನ್ನಡದಲ್ಲೇ ಬರೆಯುತ್ತೇನೆ. ನನ್ನನ್ನು ಬೇಸಿಗೆಯ ಈಜು ತರಗತಿಗೆ ಸೇರಿಸಿಕೊಳ್ಳಬೇಕು. ನಮ್ಮ ಮನೆ ಈಜುಕೊಳದ ಹಿಂದಿನ ಬೀದಿಯಲ್ಲೇ ಇದೆ.

ಪ್ರತಿ ಬೇಸಿಗೆ ನನ್ನ ಹೆಂಡತಿ ಹೆಂಗಸರ ಪಾಳಿಯಲ್ಲಿ ಈಜುತ್ತಿದ್ದಳು. ನಾನು ಗೇಟಿನ ಬಳಿಯ ಬೆಂಚಿನಲ್ಲಿ ಅವಳ ಚಪ್ಪಲಿ, ಕನ್ನಡಕ ಕಾಯುತ್ತಿದ್ದೆ. "ನೀವೂ ಕಲೀರಿ, ಮುಳುಗಿದ್ರೆ ನಾನಿದ್ದೀನಲ್ಲ" ಅನ್ನುತ್ತಿದ್ದಳು. ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದೆ. ಹೋದ ಮಳೆಗಾಲದಲ್ಲಿ ತೀರಿಕೊಂಡಳು.

ನಿನ್ನೆ ಅದೇ ಹೊತ್ತಿಗೆ ಕಾಲು ತಾನಾಗಿ ಅಲ್ಲಿಗೆ ನಡೆಯಿತು. ಬೆಂಚಿನಲ್ಲಿ ಕೂತೆ. ನಿಮ್ಮ ಹೊಸ ಕಾವಲುಗಾರ, "ಯಾರಿಗೆ ಕಾಯ್ತಿದ್ದೀರಿ ಯಜಮಾನ್ರೇ? ಇದು ಹೆಂಗಸರ ಟೈಮು" ಎಂದ. ಕೇಳಿದ್ದು ತಪ್ಪಲ್ಲ. ಬೇರೇನೂ ತೋಚದೆ, "ಈಜು ಕಲಿಯೋಕೆ ಸೇರೋಣ ಅಂತ ಬಂದೆ" ಎಂದುಬಿಟ್ಟೆ.

"ಈ ವಯಸ್ಸಿನಲ್ಲಾ? ಹಾಗಾದ್ರೆ ಸಾಹೇಬ್ರಿಗೆ ಬರೆದುಕೊಡಿ" ಎಂದು ನಕ್ಕ. ಆಡಿದ ಮೇಲೆ ಮಾಡಬೇಕಲ್ಲ, ಬರೆಯುತ್ತಿದ್ದೇನೆ.

ನೀರು ಎದೆಮಟ್ಟಕ್ಕೆ ಬಂದರೆ ನನಗೆ ಭಯ. ಮಕ್ಕಳ ಜೊತೆ ಸೊಂಟದಾಳದಲ್ಲಿ ಬಿಟ್ಟರೆ ಸಾಕು. ಆದರೆ ದಯವಿಟ್ಟು ಹೆಂಗಸರ ಪಾಳಿಯಾದ ಕೂಡಲೇ ಶುರುವಾಗುವ ತರಗತಿಗೇ ಹಾಕಿ. ನಾನು ಒಂದು ತಾಸು ಮುಂಚೆಯೇ ಬಂದು ಹೊರಗೆ ಕೂರುತ್ತೇನೆ. ಆಗ ಯಾರೂ ಏನೂ ಕೇಳುವಂತಿಲ್ಲ.

ಯುವರ್ಸ್ ಒಬೀಡಿಯಂಟ್ಲಿ,
ಹಿಂದಿನ ಬೀದಿಯ ನಿವೃತ್ತ ಪೋಸ್ಟ್ ಮಾಸ್ಟರ್